ಕಡಾಣಿ

ಕಳೆದ ದಸರೆಗೆ ಮನೆಗೆ ಸುಣ್ಣ ಬಳಿಸಲೆಂದು ಅಟ್ಟ ತೆರವು ಮಾಡುವಾಗ ಒಂದು ಬಿಸ್ಕೀಟಿನ ಡಬ್ಬಿ ಕೆಳಗಿಳಿಯಿತು. ಒಳಗೆ ತುಕ್ಕು ಹಿಡಿದ ತಿರುಪು ಮೊಳೆಗಳು. "ಗುಜರಿಗೆ ಹಾಕೂಣೇನ್ರಿ ಅತ್ತಿ?" ಎಂದಳು ಸೊಸೆ. ನಾನು ಉತ್ತರಿಸದೆ ಡಬ್ಬಿಯನ್ನು ಒಳಗೆ ಒಯ್ದಿಟ್ಟೆ. 1996ರಲ್ಲಿ ಆ ಮೊಳೆಗಳನ್ನು ಗೋಕಾಕದ ಪೇಟೆಯಿಂದ ತಂದವಳು ನಾನೇ.

ಆಗ ನಾನು ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ಹೊಸತು. ಅಪ್ಪ ಇರಲಿಲ್ಲವಾದ್ದರಿಂದ ಮನೆಯ ರೊಕ್ಕದ ಲೆಕ್ಕವೆಲ್ಲ ನನ್ನ ಕೈಯಲ್ಲಿತ್ತು. ಅವ್ವನಿಗೆ ಮೊಣಕಾಲು ಬೇನೆ. ತುಕ್ಕಾನಟ್ಟಿಯ ನಮ್ಮ ಮನೆಯಿಂದ ತೋಟಕ್ಕೆ ನಡೆಯಲಾಗದೆ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದಳು. ಐಟಿಐ ಕಲಿತು ಬಂದಿದ್ದ ತಮ್ಮ, "ಅವ್ವಗ ನಾನs ಒಂದು ಕಾರು ಮಾಡತೀನಿ" ಎಂದು ಹಿತ್ತಲಲ್ಲಿ ಕೆಲಸ ಹೂಡಿದ. ಗುಜರಿಯ ಎಂಜಿನ್ನು, ಬೆಸೆದ ಕಬ್ಬಿಣದ ಚೌಕಟ್ಟು, ಅದಕ್ಕೆ ಹೊದಿಸಲು ಅಲ್ಯೂಮಿನಿಯಂ ತಗಡು. ಡಾಂಬರು ರಸ್ತೆಗೆ ತರುವ ವಾಹನವಲ್ಲ, ತೋಟದ ದಾರಿಗಷ್ಟೇ.

ತಗಡು ಕೂಡಿಸುವ ಹೊತ್ತಿಗೆ ನನ್ನ ಕೈಗೊಂದು ಚೀಟಿ ಕೊಟ್ಟ. ರಿವೆಟ್ಟು, ಸ್ಪ್ರಿಂಗ್ ವಾಷರು, ನೈಲಾನ್ ಉಂಗುರದ ನಟ್ಟು, ರಬ್ಬರಿನ ಪಟ್ಟಿ. ಅಂಗಡಿಯಲ್ಲಿ ಬೆಲೆ ಕೇಳಿ ನನಗೆ ಸಿಟ್ಟೇ ಬಂತು. ಚೀಟಿ ಮಡಚಿಟ್ಟು ಅಗ್ಗದ ತಿರುಪು ಮೊಳೆ ಕಟ್ಟಿಸಿಕೊಂಡು ಬಂದೆ.

"ಅಕ್ಕಾ, ಇವು ನಿಲ್ಲೂದಿಲ್ಲ" ಎಂದ.

"ಮೊಳಿಗೆ ಯಾರರ ಅಷ್ಟು ರೊಕ್ಕಾ ಹಾಕತಾರೇನು?" ಎಂದೆ. ಅವನು ಮರುಮಾತಾಡಲಿಲ್ಲ.

ಒಂದು ತಿಂಗಳು ಅವ್ವ ರಾಣಿಯ ಹಾಗೆ ತೋಟಕ್ಕೆ ಹೋಗಿ ಬಂದಳು. ಆಮೇಲೊಂದು ದಿನ, ಕಬ್ಬಿನ ಗಾಡಿಗಳು ಕೊರೆದ ತಗ್ಗಿನಲ್ಲಿ ಕಾರು ಕುಲುಕಿದಾಗ ಬದಿಯ ತಗಡು ಕಿತ್ತು ಅವಳ ಮುಂಗೈಯನ್ನು ಸೀಳಿತು. ನೆರೆದವರ ಮುಂದೆ ನಾನು ತಮ್ಮನನ್ನು ಬೈದೆ. "ನಿನ್ನ ಕೆಲಸದಾಗ ಗಟ್ಟಿತನ ಇಲ್ಲ" ಎಂದೆ. ಮೊಳೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಾರದೊಳಗೆ ಕಾರನ್ನು ಬಿಚ್ಚಿ ಗುಜರಿಗೆ ಹಾಕಿ ಪುಣೆಗೆ ಕೆಲಸಕ್ಕೆ ಹೋದ.

ನಾನು ಇತಿಹಾಸ ಕಲಿಸುವವಳು. ರಾಜರು, ಯುದ್ಧಗಳು, ಒಪ್ಪಂದಗಳು ನನಗೆ ಬಾಯಿಪಾಠ. ಮೊಳೆಗೂ ಒಂದು ಇತಿಹಾಸ ಇದ್ದೀತೆಂದು ಹೊಳೆದಿರಲಿಲ್ಲ. ಅದರ ಬಾಗಿಲು ತೆರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ನೆರೆಯ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಡೆ ಅವಳು ಕೆಲಸಕ್ಕಿದ್ದಾಳೆ. "ಅಕ್ಕೋರ, ಬೋಯಿಂಗ್ 747 ವಿಮಾನದಾಗ ಅರವತ್ತು ಲಕ್ಷ ಭಾಗ ಇರತಾವ್ರಿ. ಅದರಾಗ ಅರ್ಧ ಬರೇ ಕೂಡಿಸೂ ಮೊಳಿ, ಬೋಲ್ಟು" ಎಂದಳು. ನಾನು ದಂಗಾದೆ. ಅಲ್ಲಿಂದ ಓದತೊಡಗಿದೆ.

ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂಡುವ ಭರವಸೆಯೇ ಇರಲಿಲ್ಲವಂತೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬಾತ ಎಲ್ಲರಿಗೂ ಒಂದೇ ಅಳತೆಯ ತಿರುಪು ಇರಲೆಂದು ಸೂಚಿಸಿದ. ಅಮೆರಿಕದವರು 1864ರಲ್ಲಿ ತಮ್ಮದೇ ಬೇರೆ ಅಳತೆ ಮಾಡಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಕಾದಾಡಿದರೂ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂಡದೆ ಪರದಾಡಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದು ಅಳತೆಗೆ ಒಪ್ಪಿದವು.

ತಮ್ಮ ಬೇಡಿದ ರಿವೆಟ್ಟಿನ ಕಥೆ ಇನ್ನೂ ಸೊಗಸು. ವಿಮಾನದ ತೆಳು ತಗಡನ್ನು ಕೂಡಿಸಲು ಅದೇ ಬೇಕು. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭವಾದ ಆ ಯುದ್ಧಕಾಲದಲ್ಲೇ, ಅಮೆರಿಕದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಲಕ್ಷಾಂತರ ಹೆಂಗಸರು ಕಾರ್ಖಾನೆಗಳಿಗೆ ಬಂದರು. ರಿವೆಟ್ಟು ಹೊಡೆಯಲು ಇಬ್ಬರು ಬೇಕು. ಒಬ್ಬಳು ತಗಡಿನ ಈಚೆಯಿಂದ ಹೊಡೆದರೆ, ಇನ್ನೊಬ್ಬಳು ಆಚೆಯಿಂದ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ನಡುವೆ ತಗಡು, ಒಬ್ಬರ ಮುಖ ಒಬ್ಬರಿಗೆ ಕಾಣದು. ಒಂದೇ ಬದಿಯಿಂದ ಹೊಡೆಯುವ ರಿವೆಟ್ಟುಗಳೂ ಬಂದವು. ಹಿತ್ತಲಲ್ಲಿ ಒಬ್ಬನೇ ದುಡಿಯುವವನಿಗೆ ಅವೇ ಆಸರೆ.

ಮನೆಯಲ್ಲಿ ಕಾರು ಕಟ್ಟುವ ಹುಚ್ಚೂ ತಮ್ಮನೊಬ್ಬನದಲ್ಲ. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಬಹುದಿತ್ತು. ಹಾಗೆ ಕೊಂಡರೆ ತೆರಿಗೆಯೂ ಉಳಿಯುತ್ತಿತ್ತು. ಅದಕ್ಕೂ ಕೊಳವೆಯ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡನ್ನು ರಿವೆಟ್ಟಿನಿಂದಲೇ ಕೂಡಿಸಿದ್ದರು.

ಆ ಹುಡುಗಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ತೆಳು ತಗಡಿನಲ್ಲಿ ತಿರುಪು ಮೊಳೆಗೆ ಒಂದೆರಡು ಸುತ್ತಿನ ಹಿಡಿತವಷ್ಟೇ ಸಿಗುತ್ತದೆ. ಗಾಡಿ ನಡುಗಿದಂತೆಲ್ಲ ಅದು ತೂತನ್ನು ಹಿಗ್ಗಿಸುತ್ತ ಸಡಿಲಾಗುತ್ತದೆ. ಬಿಚ್ಚಬೇಕಾಗದ ಕಡೆ ರಿವೆಟ್ಟು. ರಿಪೇರಿಗೆಂದು ಮತ್ತೆ ಮತ್ತೆ ಬಿಚ್ಚುವ ಕಡೆ ಬೋಲ್ಟು, ಅದು ಸಡಿಲಾಗದಂತೆ ನೈಲಾನ್ ನಟ್ಟು. ಕಬ್ಬಿಣ ಮತ್ತು ಅಲ್ಯೂಮಿನಿಯಂ ನೇರ ತಾಗಿ ತೇವ ಹಿಡಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಅದಕ್ಕೇ ನಡುವೆ ರಬ್ಬರು. ತಮ್ಮನ ಚೀಟಿಯಲ್ಲಿದ್ದುದೆಲ್ಲ ಅಲ್ಲಿತ್ತು, ಒಂದೂ ಬಿಟ್ಟಿರಲಿಲ್ಲ.

ಗಾಯಕ್ಕೆ ಅರಿಶಿನ ಒತ್ತಿಕೊಂಡು ಅವ್ವ ಅಂದು ಕೈಕೇಯಿಯ ಕಥೆ ಹೇಳಿದ್ದಳು. ಯುದ್ಧದಲ್ಲಿ ದಶರಥನ ರಥದ ಕಡಾಣಿ ಕಳಚಿದಾಗ ಅವಳು ತನ್ನ ಬೆರಳನ್ನೇ ಅಲ್ಲಿಟ್ಟು ಗಾಲಿ ಉಳಿಸಿದಳಂತೆ. "ಕಡಾಣಿ ಯಾರ ಕಣ್ಣಿಗೂ ಬೀಳೂದಿಲ್ಲ ತಂಗಿ. ಇಲ್ಲದಾಗ ಬೆರಳು ಕೊಡಬೇಕಾಗತೈತಿ" ಎಂದಿದ್ದಳು. ಅದು ನನಗೇ ಹೇಳಿದ ಮಾತೆಂದು ಆಗ ತಿಳಿಯಲಿಲ್ಲ. 2011ರಲ್ಲಿ ಅವ್ವ ತೀರಿಕೊಂಡಾಗ ಮುಂಗೈಯ ಆ ಗೆರೆ ಹಾಗೇ ಇತ್ತು.

ದೀಪಾವಳಿಗೆ ತಮ್ಮ ಬಂದಾಗ ಡಬ್ಬಿಯನ್ನು ಅವನ ಮುಂದಿಟ್ಟೆ. "ತಪ್ಪು ನಂದು. ಎಲ್ಲಾರ ಮುಂದ ನಿನ್ನ ಬೈದೆ" ಎಂದೆ. ಅವನು ಒಂದು ಮೊಳೆ ಎತ್ತಿ ಬೆರಳುಗಳ ನಡುವೆ ಹೊರಳಿಸಿದ.

"ನೀ ತಂದಿ ಖರೆ ಅಕ್ಕಾ. ನಿಲ್ಲೂದಿಲ್ಲಂತ ಗೊತ್ತಿದ್ದೂ ಬಡದಾಂವ ನಾ ಅಲ್ಲೇನು?"

ಇಪ್ಪತ್ತೆಂಟು ವರ್ಷ ಆ ಮಾತನ್ನು ಅವನೂ ಒಬ್ಬನೇ ಹೊತ್ತಿದ್ದನೆಂದು ನನಗೆ ತಿಳಿದದ್ದು ಆಗಲೇ. ಅಷ್ಟರಲ್ಲಿ ಸೊಸೆ ಚಹಾ ತಂದಳು. ಡಬ್ಬಿಯನ್ನು ಗುಜರಿಗೆ ಹಾಕಬಹುದೆಂದು ಅವಳಿಗೆ ಹೇಳಿದೆ. ತಮ್ಮ ಒಂದು ಮೊಳೆಯನ್ನು ಮಾತ್ರ ಕಿಸೆಗೆ ಹಾಕಿಕೊಂಡ.