ಕಾಕ್ಲಿಯರ್ ಇಂಪ್ಲಾಂಟ್ ಮರುಶಸ್ತ್ರಚಿಕಿತ್ಸೆ

ಒಳಕಿವಿಯ ಶಂಖದೊಳಗೆ ಕೂರಿಸಿದ ಶ್ರವಣ ಸಾಧನ ಕೆಟ್ಟಾಗ, ಸೋಂಕು ತಗುಲಿದಾಗ ಅಥವಾ ಜಾಗ ತಪ್ಪಿದಾಗ ಅದನ್ನು ತೆಗೆದು ಹೊಸದನ್ನು ಹಾಕುವ ಚಿಕಿತ್ಸೆ. ಇದರ ಚರಿತ್ರೆ ಇಂಪ್ಲಾಂಟಿನಷ್ಟೇ ಹಳೆಯದು. 1957ರಲ್ಲಿ ಪ್ಯಾರಿಸಿನಲ್ಲಿ ಜುರ್ನೊ ಮತ್ತು ಎರಿಯೆಸ್ ಶ್ರವಣ ನರಕ್ಕೆ ವಿದ್ಯುತ್ ಮುಟ್ಟಿಸಲು ಅಳವಡಿಸಿದ ಮೊದಲ ಸಾಧನ ಬೇಗನೆ ಕೆಟ್ಟಿತು. ಅದೇ ರೋಗಿಗೆ ಇನ್ನೊಂದನ್ನು ಹಾಕಿದರು; ಅದೂ ಕೈಕೊಟ್ಟಿತು. ಲಾಸ್ ಏಂಜಲೀಸಿನಲ್ಲಿ ವಿಲಿಯಂ ಹೌಸ್ 1961ರಲ್ಲಿ ಹಾಕಿದವು ದೇಹಕ್ಕೆ ಒಗ್ಗದೆ ಹೊರಬಂದವು. ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುವಾಹಿನಿ ಸಾಧನ ಅಳವಡಿಸಿದರು. ಅಂಥವು ಬಳಕೆಗೆ ಬಂದ ಮೇಲೆ, ಏಕವಾಹಿನಿ ಹಾಕಿಸಿಕೊಂಡಿದ್ದ ವಯಸ್ಕರಲ್ಲಿ ಕೆಲವರು ಮಾತು ಇನ್ನಷ್ಟು ತಿಳಿಯಲೆಂದು ಬದಲಿಸಿಕೊಂಡರು. ಮಕ್ಕಳಲ್ಲಿ ಇನ್ನೊಂದು ಕಾರಣವೂ ಉಂಟು: ಬಿದ್ದು ತಲೆಗೆ ಪೆಟ್ಟಾಗುವುದು ಹೆಚ್ಚು. ಸಾಧನದಲ್ಲೇ ದೋಷವಿರುವುದೂ ಉಂಟು: 2011ರಲ್ಲಿ ತಯಾರಕ ಕಾಕ್ಲಿಯರ್ ಕಂಪನಿ ತನ್ನ ಒಂದು ಸರಣಿಯನ್ನೇ ಮಾರುಕಟ್ಟೆಯಿಂದ ಹಿಂಪಡೆಯಿತು.

ಶಸ್ತ್ರವೈದ್ಯರು ಕಿವಿಯ ಹಿಂದಿನ ಹಳೆಯ ಗಾಯದ ಗೆರೆಯನ್ನೇ ಬಿಡಿಸಿ, ಬೆಳೆದ ನಾರಂಗಾಂಶ ಸರಿಸಿ, ಮೂಳೆಯ ಗುಳಿಯಿಂದ ಸಾಧನದ ಗ್ರಾಹಕ ಭಾಗವನ್ನು ಎತ್ತುತ್ತಾರೆ. ಶಂಖದೊಳಗಿನ ಎಲೆಕ್ಟ್ರೋಡನ್ನು ಮಾತ್ರ ಹೊಸದು ಸಿದ್ಧವಾಗುವವರೆಗೆ ಕದಲಿಸುವುದಿಲ್ಲ. ಅದರ ಸುತ್ತ ಕಟ್ಟಿದ ತೆಳು ನಾರಿನ ಕೊಳವೆ ಕುಸಿದರೆ ಮತ್ತೆ ದಾರಿ ಸಿಗುವುದು ಕಷ್ಟ. ಮೆದುಳುಪೊರೆಯ ಉರಿಯೂತದಿಂದ ಕಿವುಡಾದವರಲ್ಲಿ ಶಂಖವೇ ಮೂಳೆಗಟ್ಟಿರಬಹುದು.

ಕರ್ನಾಟಕದಲ್ಲಿ ಈ ಕ್ಷೇತ್ರದ ತಳಹದಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಬಡ ಮಕ್ಕಳಿಗೆ ದಾರಿ ತೆರೆದದ್ದು ಕೇಂದ್ರ ಸರ್ಕಾರದ ಅಡಿಪ್ ಯೋಜನೆ: 2014ರ ಪರಿಷ್ಕರಣೆಯಲ್ಲಿ ವರ್ಷಕ್ಕೆ 500 ಮಕ್ಕಳಿಗೆ, ತಲಾ 6 ಲಕ್ಷ ರೂಪಾಯಿ ಮಿತಿಯೊಳಗೆ ಇಂಪ್ಲಾಂಟ್. ಆದರೆ ಮೂರನೆಯ ವಯಸ್ಸಿನಲ್ಲಿ ಹಾಕಿದ ಸಾಧನ ಎಪ್ಪತ್ತು ವರ್ಷ ಬಾಳೀತೆಂದು ನಂಬುವಂತಿಲ್ಲ. ಬದಲಾವಣೆಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಕಲಬುರಗಿ, ಇಲ್ಲವೇ ಹೈದರಾಬಾದ್. ಹಾಗಾಗಿ ಸಾಧನ ಕೆಟ್ಟಿದೆಯೇ ಎಂದು ತಿಳಿಯುವ ಮೊದಲ ಪರೀಕ್ಷೆ ಮನೆಯಲ್ಲಿ ತಾಯಿಯದೇ. ಬಾಯಿ ಮರೆಮಾಡಿ ಆ, ಊ, ಈ, ಮ್, ಶ್, ಸ್ ಎಂಬ ಆರು ಸದ್ದು ಮಾಡುತ್ತಾಳೆ. ನಿನ್ನೆ ‘ಸ್’ಗೆ ತಿರುಗಿದ ಮಗು ಇಂದು ತಿರುಗದಿದ್ದರೆ ಬ್ಯಾಟರಿ, ಕೇಬಲ್, ಕಾಯಿಲ್ ಬದಲಿಸಿ ನೋಡುತ್ತಾಳೆ. ಆಗಲೂ ಕೇಳದಿದ್ದರೆ ಆಡಿಯಾಲಜಿಸ್ಟ್ ಒಳಗಿನ ಸಾಧನವನ್ನು ಪರೀಕ್ಷಿಸಬೇಕು. ಕೆಲವೊಮ್ಮೆ ಪರೀಕ್ಷೆಯಲ್ಲಿ ದೋಷ ಕಾಣುವುದೇ ಇಲ್ಲ, ಮಗುವಿನ ಮಾತು ಮಾತ್ರ ಹಿಂದೆ ಬೀಳುತ್ತಿರುತ್ತದೆ. ಆಗ ತಾಯಿಯ ಮಾತೇ ದೊಡ್ಡ ಸಾಕ್ಷಿ, ವೈದ್ಯರು ಅದನ್ನು ತಳ್ಳಿಹಾಕಬಾರದು.

ಮರುಶಸ್ತ್ರಚಿಕಿತ್ಸೆಯ ಕೆಲ ವಾರಗಳ ನಂತರ ಸ್ವಿಚ್ ಆನ್. ಸಾಧನದ ಮಟ್ಟಗಳನ್ನು ರೋಗಿಗೆ ಹೊಂದಿಸುವ ಮ್ಯಾಪಿಂಗ್ ಮೊದಲಿನಿಂದ ನಡೆಯುತ್ತದೆ. ಸಾಧನ ಕೆಟ್ಟ ಕಾರಣಕ್ಕೆ ಬದಲಿಸಿಕೊಂಡ ಬಹುಪಾಲು ಮಕ್ಕಳೂ ವಯಸ್ಕರೂ ಹಿಂದಿನ ಮಟ್ಟದ ಕೇಳುವಿಕೆಯನ್ನು ಮರಳಿ ಪಡೆಯುತ್ತಾರೆ.