ಶನಿವಾರದಿಂದ ಮಂಗಳವಾರಕ್ಕೆ

ನಮ್ಮ ಬಡವನಹಳ್ಳಿಯಲ್ಲಿ ಯಾರಿಗಾದರೂ ಬುದ್ಧಿ ಹೆಚ್ಚುಕಡಿಮೆಯಾದರೆ ಮೊದಲು ನೆನಪಾಗುತ್ತಿದ್ದುದು ಪಾವಗಡ. ಶನಿವಾರ ನಸುಕಿನಲ್ಲೇ ಎಳ್ಳೆಣ್ಣೆ ಹಿಡಿದು ಶನಿಮಹಾತ್ಮನ ಗುಡಿಗೆ ಹೊರಡುತ್ತಿದ್ದರು. ದೊಡ್ಡಪ್ಪನನ್ನು ಹಾಗೆ ಎಷ್ಟು ಶನಿವಾರ ಕರೆದೊಯ್ದರೋ, ದೊಡ್ಡಮ್ಮನಿಗೂ ಲೆಕ್ಕವಿಲ್ಲ.

ಬೇಸಿಗೆ ಬಂತೆಂದರೆ ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ನಡುರಾತ್ರಿ ಎದ್ದು ಬಾವಿ ತೋಡಿಸುವ ಮಾತು. ಒಂದು ವರ್ಷ ದನಗಳ ಜಾತ್ರೆಗೆ ಹೋದವರು ಸಾಲ ಮಾಡಿ ಮೂರು ಜೊತೆ ಎತ್ತು ಹೊಡೆದುಕೊಂಡು ಬಂದರು. ಇದ್ದುದು ಎರಡೇ ಎಕರೆ ಕಡಲೆಕಾಯಿ ಹೊಲ! ಮಳೆಗಾಲಕ್ಕೆ ಅದೇ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಗೌರಿಹಬ್ಬದ ಹೋಳಿಗೆಗೂ ಏಳುತ್ತಿರಲಿಲ್ಲ. ಅವರ ತಾತನಿಗೂ ಹೀಗೇ ಆಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ನಮ್ಮಜ್ಜಿ ಬೈದದ್ದು ಸೊಸೆಯನ್ನೇ: "ನಿನ್ನ ಕಾಲ್ಗುಣ."

1978ರಲ್ಲಿ ಅಪ್ಪ ಗಟ್ಟಿ ಮನಸ್ಸು ಮಾಡಿ ಅವರನ್ನು ಕೊರಟಗೆರೆ ಮೇಲಿನ ಬಸ್ಸಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದ. ಊರಿನವರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಮೈಸೂರು ಸರ್ಕಾರ 1925ರಲ್ಲೇ ಆ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆದಿತ್ತು. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ನಮ್ಮೂರ ನಾಲಿಗೆ ಬದಲಾಗಲಿಲ್ಲ. ಅಲ್ಲಿ ದೊಡ್ಡಮ್ಮ ಗಂಡನ ಜೊತೆಗೇ ಉಳಿದಳು. ವಾಪಸು ಬಂದಾಗ ಅವಳ ಸೆರಗಿನ ಗಂಟಿನಲ್ಲಿ ಲಿಥಿಯಂ ಮಾತ್ರೆಗಳಿದ್ದವು.

ಲಿಥಿಯಂ ಮಾತ್ರೆಯಲ್ಲಿರುವುದು ಒಂದು ಬಗೆಯ ಉಪ್ಪು. ಉನ್ಮಾದವನ್ನು ಅದು ತಗ್ಗಿಸುತ್ತದೆಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದ. ಹೆಚ್ಚಾದರೆ ವಿಷ, ಅದಕ್ಕೇ ಆಗಾಗ ರಕ್ತಪರೀಕ್ಷೆ. ಊಟದಲ್ಲಿ ಉಪ್ಪು ಒಮ್ಮೆಲೇ ಬಿಡಬಾರದು, ನೀರು ಚೆನ್ನಾಗಿ ಕುಡಿಯಬೇಕು. ದೊಡ್ಡಮ್ಮ ಓದು ಬಾರದವಳು, ಇದೊಂದನ್ನೂ ಮರೆಯಲಿಲ್ಲ. ದೊಡ್ಡಪ್ಪ ಆಮೇಲೆ ಇಪ್ಪತ್ತಾರು ವರ್ಷ ಬೇಸಾಯ ಮಾಡಿದರು.

ಅವರ ತಾತನ ಕಾಯಿಲೆ ಅವರಿಗೆ ಹೇಗೆ ಬಂತು? ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನ್ನನ್ನು ಈ ಪ್ರಶ್ನೆ ಬಿಟ್ಟೇ ಇರಲಿಲ್ಲ. ಓದುತ್ತ ಹೋದಾಗ ಒಂದು ಸುಳಿವು ಸಿಕ್ಕಿತು. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಮೈಕ್ರೋ ಆರ್‌ಎನ್‌ಎ ಎಂಬುದನ್ನು ಕಂಡರು. 2024ರಲ್ಲಿ ಅದಕ್ಕೆ ನೊಬೆಲ್ ಬಂತು. ಇಪ್ಪತ್ತೆರಡು ಅಕ್ಷರದಷ್ಟು ಚಿಕ್ಕದು. ಕೆರೆ ತುಂಬಿದ್ದರೂ ಯಾವ ಗದ್ದೆಗೆ ಎಷ್ಟು ನೀರೆಂಬುದು ತೂಬಿನ ಬಳಿಯ ನೀರುಗಂಟಿಯ ಕೈಯಲ್ಲಿತ್ತಲ್ಲ, ಹಾಗೇ ಜೀನು ಎಷ್ಟು ಪ್ರೋಟೀನು ಮಾಡಬೇಕೆಂಬುದರಲ್ಲಿ ಇದರ ಕೈವಾಡವಿದೆ. ಖಿನ್ನತೆಯಿಂದ ಬಳಲಿ ಸತ್ತವರ ಮಿದುಳಿನಲ್ಲಿ ಮೈಆರ್-1202 ಎಂಬ ಮೈಕ್ರೋ ಆರ್‌ಎನ್‌ಎ ಕಡಿಮೆಯಿತ್ತೆಂದು 2014ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಬರೆದರು; ಅದಿರುವುದು ಮನುಷ್ಯ ಮತ್ತು ಅವನ ಹತ್ತಿರದ ವಾನರ ಬಳಗದಲ್ಲಿ ಮಾತ್ರ. ಮರುವರ್ಷ, ದೊಡ್ಡಪ್ಪನ ಹಾಗೆ ಉನ್ಮಾದ, ಖಿನ್ನತೆ ಎರಡೂ ಬರುವ ಬೈಪೋಲಾರ್ ಕಾಯಿಲೆ ಇದ್ದವರ ಹಿಮ್ಮಿದುಳಿನಲ್ಲಿ ಮೈಆರ್-34ಎ ಹೆಚ್ಚಿತ್ತೆಂಬ ವರದಿ ಬಂತು. ಅದು ತಡೆಹಿಡಿಯುವ ಜೀನುಗಳಲ್ಲೊಂದು, ಈ ಕಾಯಿಲೆಯ ಜೊತೆ ಮೊದಲೇ ತಳಕು ಹಾಕಿಕೊಂಡಿದ್ದ ಎಎನ್‌ಕೆ3. ಇಂಥ ಮೈಕ್ರೋ ಆರ್‌ಎನ್‌ಎ ನೋಡಿ ಕಾಯಿಲೆ ಗುರುತಿಸುವ ಕಾಲ ಇನ್ನೂ ಬಂದಿಲ್ಲ. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದವರು, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳ ರಕ್ತದಿಂದ ಕಾಂಡಕೋಶ ಬೆಳೆಸಿ ಅಭ್ಯಾಸ ಮಾಡುತ್ತಿದ್ದಾರೆ. ನಮ್ಮಂಥ ಮನೆಗಳು ಅವು.

ಈಗ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ದೊಡ್ಡಪ್ಪನ ಮೊಮ್ಮಗ ನಮ್ಮ ತಾಲ್ಲೂಕು ಕೇಂದ್ರ ಮಧುಗಿರಿಯಿಂದಲೇ ತನ್ನ ಮಾತ್ರೆ ತರುತ್ತಾನೆ. ಶನಿವಾರ ಪಾವಗಡಕ್ಕೂ ಹೋಗುತ್ತಾನೆ. ಹೋಗಲಿ, ಮಾತ್ರೆ ಬಿಡದಿದ್ದರಾಯಿತು.

ಹೋದ ಸುಗ್ಗಿಯಲ್ಲಿ ಜಗಲಿ ಮೇಲೆ ಕಡಲೆಕಾಯಿ ಬಿಡಿಸುತ್ತ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ, ಹುಳುವಿನಿಂದ ಹಿಡಿದು ನೀರುಗಂಟಿಯವರೆಗೆ. ಕಣ್ಣು ಕಾಣದ ಜೀವ, ಕೈ ನಿಲ್ಲಿಸಿ ಕೇಳಿದಳು. ಸುಮಾರು ಹೊತ್ತಾದ ಮೇಲೆ ಅಂದಳು: "ಹಂಗಾರೆ ಅದು ನನ್ನ ಕಾಲ್ಗುಣ ಅಲ್ವಲ್ಲೇ?"