ಗುರುದ್ವಾರದ ಅನ್ನ, ಗುಡಿಯ ಅಕ್ಷರ



ಹುಟ್ಟಿದ ಊರು ಬಿಟ್ಟು ಹೋದವರು ಮೊದಲು ಕೂಲಿ ಹುಡುಕುತ್ತಾರೆ. ಆಮೇಲೆ ತಲೆಯ ಮೇಲೊಂದು ಸೂರು. ಇವೆರಡೂ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ದೇವರಿಗೊಂದು ಜಾಗ ಮಾಡುತ್ತಾರೆ. ಆ ಜಾಗ ಬರೀ ಪೂಜೆಗೆ ಮಾತ್ರವೇ, ಬೇರೆ ಕೆಲಸವೂ ಅದಕ್ಕೆ ಇದೆಯೇ? ಇದನ್ನು ತಿಳಿಯಲು ದೂರದ ಅಮೆರಿಕದ ಒಂದು ಸಿಖ್ ಗುರುದ್ವಾರದ ಚರಿತ್ರೆಯನ್ನು ಈ ದಿನ ತಮ್ಮ ಮುಂದೆ ಇಡುತ್ತೇನೆ.

ಸಿಖ್ಖರು ಕನ್ನಡದವರಿಗೆ ಹೊಸಬರಲ್ಲ. ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದರೆಂದೂ, ಅವರ ಪಾದ ಸೋಕಿ ಸಿಹಿನೀರಿನ ಬುಗ್ಗೆ ಚಿಮ್ಮಿತೆಂದೂ ನಂಬಿಕೆ. ಆ ಸ್ಥಳವೇ ನಾನಕ್ ಝೀರಾ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೇ. ನಮ್ಮ ಕೊಯಮತ್ತೂರಿನಲ್ಲಿಯೂ ಗುರುದ್ವಾರ ಉಂಟು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು ಹಡಗು ಹತ್ತಿ ಕ್ಯಾಲಿಫೋರ್ನಿಯಾ ಸೇರಿದರು. ರೈಲು ದಾರಿ, ಮರದ ಕಾರ್ಖಾನೆ, ಹೊಲ, ತೋಟ, ಎಲ್ಲಿ ಕೂಲಿ ಸಿಕ್ಕಿದರೆ ಅಲ್ಲಿ ದುಡಿದರು. 1912ರಲ್ಲಿ ಸ್ಟಾಕ್‌ಟನ್ ಎಂಬ ಊರಿನಲ್ಲಿ ಇವರು ಪೆಸಿಫಿಕ್ ಕೋಸ್ಟ್ ಖಾಲ್ಸಾ ದಿವಾನ್ ಸೊಸೈಟಿ ಎಂಬ ಸಂಘ ಮಾಡಿಕೊಂಡರು. ಅಮೆರಿಕದ ಮೊದಲನೆಯ ಗುರುದ್ವಾರ ಅದರಿಂದಲೇ ಹುಟ್ಟಿತು. ಮುಂದೆ ನಿಂತವರು ಜ್ವಾಲಾ ಸಿಂಗ್ ಮತ್ತು ವಸಾಖಾ ಸಿಂಗ್, ಗುತ್ತಿಗೆಗೆ ನೆಲ ಹಿಡಿದು ಬೇಸಾಯ ಮಾಡುತ್ತಿದ್ದವರು. ಜ್ವಾಲಾ ಸಿಂಗರ ಆಲೂಗಡ್ಡೆ ಬೆಳೆ ಎಷ್ಟಿತ್ತೆಂದರೆ ಜನ ಅವರನ್ನು 'ಆಲೂಗಡ್ಡೆ ರಾಜ' ಎನ್ನುತ್ತಿದ್ದರು.

ಆ ಗುರುದ್ವಾರ ಮಾಡಿದ ಮೊದಲ ಕೆಲಸ ಅನ್ನ ಹಾಕಿದ್ದು. ಅವರು ಲಂಗರ್ ಎನ್ನುತ್ತಾರೆ, ನಾವು ದಾಸೋಹ ಎನ್ನುತ್ತೇವೆ. ಜಾತಿ, ಮತ ಕೇಳುವಂತಿಲ್ಲ. ಸಾಲಾಗಿ ಕೂತು ಉಣ್ಣಬೇಕು. ಹಸಿದು ಬಂದ ಪರದೇಶಿಗೆ ಅಲ್ಲಿ ಊಟ, ಮಲಗಲು ಜಾಗ, ಎಲ್ಲಿ ಕೆಲಸ ಇದೆಯೆಂಬ ಸುದ್ದಿ, ಊರಿನ ಸಮಾಚಾರ, ಎಲ್ಲವೂ ಸಿಗುತ್ತಿತ್ತು.

ಎರಡನೆಯ ಕೆಲಸ ವಿದ್ಯೆ. ಅದೇ 1912ರಲ್ಲಿ ಜ್ವಾಲಾ ಸಿಂಗರು ಗುರು ಗೋವಿಂದ ಸಿಂಗರ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟು, ಭಾರತದ ಹುಡುಗರನ್ನು ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಓದಿಸಿದರು. ಸಿಖ್ಖರಿಗೆ ಮಾತ್ರವೆಂದು ಬೇಲಿ ಹಾಕಲಿಲ್ಲ. ಮೂರನೆಯ ಕೆಲಸ ದೇಶದ ಬಿಡುಗಡೆ. 1913ರಲ್ಲಿ ಎದ್ದ ಗದರ್ ಚಳವಳಿಗೆ ಸ್ಟಾಕ್‌ಟನ್ ಗುರುದ್ವಾರ ತವರುಮನೆಯಂತಿತ್ತು. ಜ್ವಾಲಾ ಸಿಂಗರು ಬೇಸಾಯ ಬಿಟ್ಟು, 1914ರಲ್ಲಿ ಭಾರತಕ್ಕೆ ಹೊರಟು ಬಂದು ಸೆರೆಮನೆ ಸೇರಿದರು.

ಆ ದೇಶದ ಕಾಯಿದೆಗಳು ಇವರ ಮೇಲೆ ಕಠಿಣವಾಗಿದ್ದವು. 1913ರ ಕಾಯಿದೆ ಪೌರತ್ವದ ಹಕ್ಕಿಲ್ಲದ ಪರದೇಶದವರು ಜಮೀನು ಕೊಳ್ಳುವುದನ್ನು ತಡೆಯಿತು. 1917ರ ಕಾಯಿದೆ ಹೊಸಬರಿಗೆ ಬಾಗಿಲು ಮುಚ್ಚಿತು; ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದೂ ಆಗದಾಯಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರಿಗೆ ಪೌರತ್ವದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಹಕ್ಕು ದೊರೆತದ್ದು 1946ರಲ್ಲಿ.

ಹೀಗಾಗಿ ಅನೇಕರು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಮಕ್ಕಳಿಗೆ ಸಿಂಗ್ ಎಂಬ ಹೆಸರು ಬಂತು, ಪಂಜಾಬಿ ಮಾತು ಬರಲಿಲ್ಲ. ತಾಯಿಯ ಸ್ಪ್ಯಾನಿಷ್, ಶಾಲೆಯ ಇಂಗ್ಲಿಷ್, ಇಷ್ಟೇ. ಗುಡಿ ಇತ್ತು, ಅನ್ನ ಇತ್ತು, ಮನೆಮಾತು ಮಾತ್ರ ಉಳಿಯಲಿಲ್ಲ. ಮುಂದೆ 1965ರ ಕಾಯಿದೆಯ ನಂತರ ಸಂಸಾರಸಮೇತ ಬಂದವರು ಹೆಚ್ಚಿದರು. ಇಂದು ಲೋಕದ ನಾನಾ ಕಡೆಯ ಗುರುದ್ವಾರಗಳಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಗುರುಮುಖಿ ಅಕ್ಷರ ಕಲಿಸುತ್ತಾರೆ. ಧರ್ಮಗ್ರಂಥ ಆ ಲಿಪಿಯಲ್ಲಿದೆ. ಲಿಪಿ ಹೋದರೆ ಗ್ರಂಥ ಮೂಕವಾಗುತ್ತದೆ.

ಈ ಗುರುದ್ವಾರದ ನೆರಳಿನಲ್ಲಿ ಬೆಳೆದ ಒಬ್ಬರು ದಲೀಪ್ ಸಿಂಗ್ ಸೌಂದ್. 1930ರಲ್ಲಿ ಅವರ 'ನನ್ನ ತಾಯಿ ಭಾರತ' ಎಂಬ ಇಂಗ್ಲಿಷ್ ಪುಸ್ತಕವನ್ನು ಸ್ಟಾಕ್‌ಟನ್ ಸಂಘವೇ ಅಚ್ಚು ಹಾಕಿಸಿತು. 1956ರ ನವೆಂಬರಿನಲ್ಲಿ ಅವರು ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಅಲ್ಲಿಗೆ ಹೋದ ಮೊದಲ ಭಾರತೀಯ ಅವರೇ.

ಅದೇ ನವೆಂಬರಿನ ಒಂದನೇ ತಾರೀಖು ನಮ್ಮಲ್ಲಿ ಏನಾಯಿತೆಂದು ತಾವು ಬಲ್ಲಿರಿ. ಅಂದಿನವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಈಚೆ ಕಡೆ ಉಳಿದೆವು. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಸೀಮೆ ಇದು. ಮಗ್ಗ ಹಿಡಿದು ಬಂದ ದೇವಾಂಗದವರು, ನೇಗಿಲು ಹಿಡಿದು ಬಂದ ಒಕ್ಕಲಿಗರು, ಇಂದಿಗೂ ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ದೇವಾಂಗದವರು ತಮ್ಮ ಚೌಡೇಶ್ವರಿಯನ್ನೂ ಜೊತೆಯಲ್ಲೇ ತಂದರು. ಕೊಯಮತ್ತೂರಿನ ರಾಜಬೀದಿಯ ಆಕೆಯ ಗುಡಿಗೆ ವಿಜಯದಶಮಿಯ ದಿನ ಕತ್ತಿ ಹಬ್ಬದ ಮೆರವಣಿಗೆ ಬರುವುದನ್ನು ಕಂಡವರು ಮರೆಯಲಾರರು. ಮೈಮೇಲೆ ಕತ್ತಿ ಹಾಕಿಕೊಂಡು, ಗಾಯಕ್ಕೆ ಭಂಡಾರ ಬಳಿದುಕೊಂಡು ಕುಣಿಯುತ್ತಾ ತಾಯಿಯನ್ನು ಕರೆಯುತ್ತಾರೆ.

ನಾನೂ ನೆಗಮದ ಕಡೆಯ ಮಗ್ಗದ ಮನೆಯವನು. ತಮಿಳಿನಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಸಂತೆ ದಿನ ಅಜ್ಜಿಯೊಬ್ಬಳು ಬೇರೆ ಕೌಂಟರು ಖಾಲಿ ಇದ್ದರೂ ನನ್ನ ಮುಂದೆಯೇ ನಿಲ್ಲುತ್ತಿದ್ದಳು. "ಅಪ್ಪಾ, ನಮ್ಮ ಮಾತ್ನಲ್ಲಿ ಹೇಳು, ಎಷ್ಟೈತೆ?" ಎನ್ನುವಳು. ಒಮ್ಮೆ ಅವಳ ಸೊಸೆಯ ತವರಿನಿಂದ, ಮೈಸೂರು ಕಡೆಯಿಂದ, ಒಂದು ಕಾಗದ ಬಂತು. ಓದಿ ಹೇಳೆಂದು ನನ್ನ ಕೈಗಿತ್ತಳು. ನನಗೆ ಒಂದು ಅಕ್ಷರವೂ ತಿಳಿಯದು. "ನಮ್ಮ ಮಾತು ಆಡ್ತೀಯ, ಓದಕ್ಕೆ ಬರಾಕಿಲ್ವಾ?" ಎಂದಳು. ಆ ನಾಚಿಕೆ ಇನ್ನೂ ಹೋಗಿಲ್ಲ. ವರ್ಗವಾಗಿ ಬಂದ ಕೊಳ್ಳೇಗಾಲದ ಸಹೋದ್ಯೋಗಿಯೊಬ್ಬರಿಂದ, ಊಟದ ವಿರಾಮದಲ್ಲಿ, ಹಳೆಯ ಚಲನ್ ಹಾಳೆಗಳ ಬೆನ್ನಿನ ಮೇಲೆ ಅ ಆ ತಿದ್ದಿ ಕಲಿತೆ. ಆಗ ನನಗೆ ಮೂವತ್ತು ದಾಟಿತ್ತು.

ಸ್ಟಾಕ್‌ಟನ್ನಿನ ಮಕ್ಕಳಿಗೆ ಗುಡಿ ಉಳಿದು ಮಾತು ಹೋಯಿತು. ನಮಗೆ ಗುಡಿಯೂ ಉಳಿದಿದೆ, ಮಾತೂ ಉಳಿದಿದೆ, ಅಕ್ಷರ ಹೋಗಿದೆ. ನಾನು ಕಂಡ ನಮ್ಮ ಹಬ್ಬದ ಆಹ್ವಾನ ಪತ್ರಿಕೆಗಳೆಲ್ಲ ತಮಿಳಿನವು. ಅದು ತಪ್ಪಲ್ಲ, ತಮಿಳು ನಮಗೆ ಅನ್ನ, ನ್ಯಾಯ ಎರಡನ್ನೂ ಕೊಟ್ಟ ಭಾಷೆ. ಅದರ ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲಿಗೆ ಜಾಗವಿಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ. ಅಕ್ಷರವಿಲ್ಲದ ಮಾತು ಅಜ್ಜಿಯ ಬಾಯಿಂದ ಮೊಮ್ಮಗಳ ಕಿವಿಗೆ ಬರಬೇಕು. ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಮ್ಮ ಗುಡಿಗಳ ಮಂಟಪ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಒಂದು ಕಪ್ಪು ಹಲಗೆ, ಒಂದು ಡಬ್ಬಿ ಸೀಮೆಸುಣ್ಣ, ಓದು ಬಲ್ಲ ಒಬ್ಬ ಮುದುಕ ಇದ್ದರೆ ಸಾಕು. ನಮ್ಮೂರಿನ ಗುಡಿಯ ಹಿರಿಯರನ್ನು ಕೇಳಿದ್ದೇನೆ, ಹಬ್ಬ ಕಳೆಯಲಿ ಅಂದಿದ್ದಾರೆ. ಮುದುಕ ಸಿದ್ಧನಾಗಿದ್ದಾನೆ. ತಮ್ಮ ತಮ್ಮ ಊರಿನಲ್ಲಿ ತಾವೂ ಒಂದು ಮಾತು ಕೇಳಿ ನೋಡಿ.